ವಾಲ್ವನ್ನು ಮೈನಸ್ 196 ಡಿಗ್ರಿಗೆ ತಣಿಸಿದರೆ ಹಾಡು ಇಂಪಾಗುತ್ತದೆಯೇ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಹತ್ತಿರ ಇಎಲ್34 ಎಂಬ ವಾಲ್ವಿನ (ದನಿ ಹಿಗ್ಗಿಸುವ ಗಾಜಿನ ನಿರ್ವಾತ ನಳಿಕೆ) ಹಳೇ ಸ್ಟೀರಿಯೋ ಆಂಪ್ಲಿಫೈಯರ್ ಇದೆ. ಸಣ್ಣ ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಪ್ರೀಆಂಪಿನಲ್ಲಿ ಇಸಿಸಿ83 ಎಂಬ ಸಣ್ಣ ವಾಲ್ವ್. ಹೊಸ ವಾಲ್ವ್ ಕೊಳ್ಳಲು ಹೋದರೆ 'ಕ್ರಯೋ ಮಾಡಿದ್ದು' ಅಂತ ದುಪ್ಪಟ್ಟು ಬೆಲೆ ಹೇಳಿದರು. ದ್ರವ ಸಾರಜನಕದ ಚಳಿಯಲ್ಲಿ ಇಟ್ಟು ತೆಗೆದರೆ ಲೋಹದ ಬಿಗಿತ ಹೋಗಿ ದನಿ ತಿಳಿಯಾಗುತ್ತದಂತೆ. ಗೆಳೆಯನೊಬ್ಬ ಹಾಕಿಸಿಕೊಂಡಿದ್ದಾನೆ. ಭೀಮಸೇನ ಜೋಶಿಯವರ ಹಿಂದಿನ ತಂಬೂರಿಗಳು ಈಗ ಬೇರೆ ಬೇರೆಯಾಗಿ ಕೇಳುತ್ತವೆ ಅನ್ನುತ್ತಾನೆ. ಕೊಳ್ಳಲೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಬೇಡ. ಆ ಹೆಚ್ಚಿನ ದುಡ್ಡು ಉಳಿಸಿಕೊಳ್ಳಿ, ಅದಕ್ಕೆ ಬೇರೆ ಕೆಲಸ ಇದೆ.

ಹಾಗಂತ ಈ ವಿದ್ಯೆಯೇ ಸುಳ್ಳಲ್ಲ. ಇದು ಟೂಲ್ ಸ್ಟೀಲಿನ, ಅಂದರೆ ಕೊರೆಯುವ, ಕತ್ತರಿಸುವ ಉಪಕರಣಗಳ ಉಕ್ಕಿನ ವಿದ್ಯೆ. ಉಕ್ಕನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದ ಮೇಲೂ ಒಳಗೆ ಆಸ್ಟೆನೈಟ್ ಎಂಬ ಮೆತ್ತಗಿನ ರೂಪ ಸ್ವಲ್ಪ ಉಳಿದಿರುತ್ತದೆ. ತುಂಬ ತಣಿಸಿದರೆ ಅದು ಮಾರ್ಟೆನ್‌ಸೈಟ್ ಆಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಟೂಲು ಬೇಗ ಸವೆಯುವುದಿಲ್ಲ.

ಆದರೆ ವಾಲ್ವಿನ ಒಳಗೆ ಏನಿದೆ ನೋಡಿ. ಎಲೆಕ್ಟ್ರಾನ್ ಹೊರಸೂಸುವ ಕ್ಯಾಥೋಡ್ ಅಂದರೆ ನಿಕ್ಕಲ್ ಕೊಳವೆ, ಮೇಲೆ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡಿನ ಬಿಳಿ ಲೇಪ. ಅದನ್ನು ಕಾಯಿಸುವ ಹೀಟರ್ ಟಂಗ್‌ಸ್ಟನ್. ಎಲೆಕ್ಟ್ರಾನ್ ಹರಿವನ್ನು ಹತೋಟಿಯಲ್ಲಿಡುವ ಗ್ರಿಡ್ಡಿನ ತಂತಿ ಹೆಚ್ಚಾಗಿ ಮಾಲಿಬ್ಡಿನಂ. ಆ ಎಲೆಕ್ಟ್ರಾನ್ ಸೆಳೆದುಕೊಳ್ಳುವ ಪ್ಲೇಟು ನಿಕ್ಕಲ್, ಇಲ್ಲವೇ ನಿಕ್ಕಲ್ ಲೇಪದ ಮೆದು ಉಕ್ಕು. ಚಳಿಗೆ ಬದಲಾಗಬೇಕಾದ ಆಸ್ಟೆನೈಟ್ ಇಲ್ಲಿ ಎಲ್ಲಿಂದ ಬರಬೇಕು? ತಣ್ಣಗಾದಾಗ ಕುಗ್ಗುತ್ತವೆ, ಬೆಚ್ಚಗಾದಾಗ ಹಿಗ್ಗುತ್ತವೆ, ಅಷ್ಟೇ.

ಇನ್ನು ಬಿಗಿತದ ಮಾತು. ಲೋಹದ ಬಿಗಿತ ಬಿಡಿಸುವುದು ಕಾವು. ಆ ಕೆಲಸ ಕಾರ್ಖಾನೆಯಲ್ಲೇ ಆಗಿಹೋಗಿರುತ್ತದೆ. ಗಾಳಿ ಎಳೆಯುವಾಗ ಗಾಜಿನ ಸುತ್ತ ಕಾಯಿಲ್ ಇಟ್ಟು ಒಳಗಿನ ಲೋಹವನ್ನು ಇಂಡಕ್ಷನ್‌ನಿಂದ ಕೆಂಪಗೆ ಕಾಯಿಸುತ್ತಾರೆ, ಅಡಗಿದ ಅನಿಲವೆಲ್ಲ ಹೊರಗೆ ಬರಲಿ ಅಂತ. ಆಮೇಲೆ ನೀವು ಸ್ವಿಚ್ ಹಾಕಿದಾಗಲೆಲ್ಲ ಕ್ಯಾಥೋಡ್ 700 ಡಿಗ್ರಿ ದಾಟುತ್ತದೆ. ಚಳಿಯಿಂದ ಏನೋ ಗುಣ ಬಂತು ಅಂತಲೇ ಇಟ್ಟುಕೊಳ್ಳಿ. ಅಷ್ಟು ಕಾವಿನಲ್ಲಿ ಅದು ಉಳಿಯಬೇಕಲ್ವಾ?

ನಿಮ್ಮ ಗೆಳೆಯರಿಗೆ ವ್ಯತ್ಯಾಸ ಕೇಳಿಸಿದ್ದು ನಿಜವೇ ಇರಬಹುದು. ಸವೆದ ವಾಲ್ವ್ ತೆಗೆದು ಹೊಸದು ಹಾಕಿದರು, ಕೇಳಿಸದೆ ಇರುತ್ತದೆಯೇ? ಒಂದೇ ಡಬ್ಬಿಯ ಎರಡು ಇಸಿಸಿ83 ಕೂಡ ಒಂದೇ ಸಮ ಇರುವುದಿಲ್ಲ. ಒಂದರ ಗೇನ್ (ಹಿಗ್ಗಿಸುವ ಬಲ) ಸ್ವಲ್ಪ ಜಾಸ್ತಿ, ಇನ್ನೊಂದರಲ್ಲಿ ಹಮ್ (ಗುಂಯ್ ಸದ್ದು) ಕಡಿಮೆ. ಒಳ್ಳೆಯ ವ್ಯಾಪಾರಿ ಪ್ರತಿಯೊಂದನ್ನೂ ಟೆಸ್ಟರಿಗೆ ಹಾಕಿ, ಸದ್ದು ಮಾಡುವುದನ್ನು ಪಕ್ಕಕ್ಕಿಟ್ಟು, ಜೋಡಿ ಹೊಂದಿಸಿ ಕೊಡುತ್ತಾನೆ. ಆ ಆಯ್ಕೆಗೆ ನಾನೂ ದುಡ್ಡು ಕೊಡುತ್ತೇನೆ. ಚಳಿಗೆ ಕೊಡುವುದಿಲ್ಲ.

ವಾಲ್ವ್ ಬದಲಿಸಿದಾಗ ದನಿ ಬದಲಾಗುವುದಕ್ಕೆ ಇನ್ನೊಂದು ಕಾರಣವನ್ನು ನೀವೇ ಕಣ್ಣಾರೆ ನೋಡಬಹುದು. ಆಂಪ್ಲಿಫೈಯರ್ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಇಸಿಸಿ83ಯನ್ನು ಮೆಲ್ಲಗೆ ನೇರ ಮೇಲಕ್ಕೆ ಎಳೆದು ಬೆಳಕಿಗೆ ಹಿಡಿಯಿರಿ. ನಮ್ಮ ಮುಂಬಯಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಒಂಬತ್ತು ಪಿನ್ನೂ ಮಂಕು, ಅಲ್ಲಲ್ಲಿ ಕಪ್ಪು. ಸಾಕೆಟ್ಟಿನ ಕ್ಲಿಪ್ಪು ಉಜ್ಜಿದ ಕಡೆ ಮಾತ್ರ ಒಂದು ಹೊಳೆಯುವ ಗೀರು. ವಾಲ್ವ್ ತೆಗೆದು ಹಾಕಿದರೆ ಆ ಗೀರು ಹೊಸದಾಗುತ್ತದೆ, ಎಷ್ಟೋ ಸಲ ಕರಕರ ಸದ್ದು ಅಲ್ಲಿಗೇ ನಿಲ್ಲುತ್ತದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸಿಗುತ್ತದೆ. ಮೊದಲು ಅದನ್ನು ತನ್ನಿ.

ಗೆಳೆಯರು ಒಪ್ಪದಿದ್ದರೆ ಜಗಳ ಬೇಡ. ಒಂದೇ ಬ್ಯಾಚಿನ ಕ್ರಯೋ ವಾಲ್ವ್, ಸಾದಾ ವಾಲ್ವ್ ತರಿಸಿ. ಮೂರನೆಯವರು ಬದಲಾಯಿಸಲಿ, ಯಾವುದು ಹಾಕಿದೆ ಅಂತ ಹೇಳದೆ ಇರಲಿ. ಪ್ರತಿ ಸಲ ಮೀಟರ್ ಇಟ್ಟು ವಾಲ್ಯೂಮ್ ಸಮ ಮಾಡಬೇಕು. ಕೊಂಚ ಜೋರಾಗಿ ಕೇಳಿದ್ದೇ ಕಿವಿಗೆ ಚೆನ್ನಾಗಿದೆ ಅನ್ನಿಸುತ್ತದೆ. ನನ್ನ ಬೆಂಚಿಗೆ ಬಂದ ಗಿರಾಕಿಯೊಬ್ಬರು ಹೀಗೆ ಕೂತು ಕೇಳಿದರು. ಒಮ್ಮೆ ಇದು ಕ್ರಯೋ ಅಂದರು, ಇನ್ನೊಮ್ಮೆ ಅದು ಕ್ರಯೋ ಅಂದರು.

ಉಳಿದ ದುಡ್ಡಿನಲ್ಲಿ ಹೀಟರ್ ವೋಲ್ಟೇಜ್ ಅಳತೆ ಮಾಡಿಸಿ. ಹಳೇ ಟ್ರಾನ್ಸ್‌ಫಾರ್ಮರ್ 220 ವೋಲ್ಟಿನದಾಗಿದ್ದು ಮನೆಯಲ್ಲಿ 240 ಬರುತ್ತಿದ್ದರೆ, ಹೀಟರಿಗೆ 6.3 ವೋಲ್ಟ್ ಇರಬೇಕಾದದ್ದು ಸುಮಾರು 6.9 ಆಗುತ್ತದೆ. ವಾಲ್ವಿನ ಆಯಸ್ಸು ತಿನ್ನುವುದು ಇಂಥದ್ದು. ಇಎಲ್34 ಗ್ರಿಡ್ಡಿಗೆ ಹಾಡಿನ ಸಿಗ್ನಲ್ ಮಾತ್ರ ದಾಟಿಸುವ ಕಪ್ಲಿಂಗ್ ಕೆಪಾಸಿಟರ್ ಲೀಕ್ ಆದರೆ ಬಯಾಸ್ (ಗ್ರಿಡ್ಡಿಗೆ ಗೊತ್ತುಮಾಡಿದ ವೋಲ್ಟೇಜ್) ತಪ್ಪಿ ಪ್ಲೇಟು ಕೆಂಪಗಾಗುತ್ತದೆ, ದನಿ ಒಡೆಯುತ್ತದೆ. ಆ ಕೆಪಾಸಿಟರನ್ನು ಬದಲು ಮಾಡಿಸಿ. ತಂಬೂರಿಯ ನಾದ ಬಿಡಿಸಿ ಕೇಳಬೇಕಾದರೆ ದಾರಿ ಇದು. ಒಳಗೆ ನೀವೇ ಕೈ ಹಾಕಬೇಡಿ. ಆಫ್ ಮಾಡಿದ ಮೇಲೂ ವಿದ್ಯುತ್ ಹಿಡಿದಿಡುವ ಫಿಲ್ಟರ್ ಕೆಪಾಸಿಟರಿನಲ್ಲಿ 400 ವೋಲ್ಟ್ ನಿಂತಿರಬಹುದು.

ಪ್ರಶ್ನೆ: ಚೋರ್ ಬಜಾರಿನಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಹೆಸರಿನ ಹಳೇ ವಾಲ್ವ್ ಕಂಡೆ. ಕೊಳ್ಳಬಹುದಾ? – ಓದುಗರು, ಮಾಟುಂಗಾ

ಉತ್ತರ: ಧಾರಾಳವಾಗಿ. ನಮ್ಮ ಬೆಂಗಳೂರಿನ ಜಾಲಹಳ್ಳಿಯ ಮಾಲು ಅದು, 1960ರ ದಶಕದಿಂದ ಎಷ್ಟೋ ರೇಡಿಯೋಗಳನ್ನು ಹಾಡಿಸಿದೆ. ಒಳಗಿನ ನಿರ್ವಾತ ಕೆಡದಿದ್ದರೆ ಸುಮ್ನೆ ಡಬ್ಬಿಯಲ್ಲಿ ಇದ್ದುದಕ್ಕೆ ವಾಲ್ವ್ ಸಾಯುವುದಿಲ್ಲ. ಗಾಜಿನ ಒಳಮೈಯಲ್ಲಿ ಬೆಳ್ಳಿಯಂತೆ ಹೊಳೆಯುವ ಕಲೆ ಇರಬೇಕು. ಅದಕ್ಕೆ ಗೆಟರ್ ಅನ್ನುತ್ತಾರೆ. ಬೆಳ್ಳಗೆ ಸುಣ್ಣದ ಹಾಗೆ ಆಗಿದ್ದರೆ ಗಾಳಿ ನುಗ್ಗಿದೆ ಎಂದರ್ಥ, ಬಿಟ್ಟುಬಿಡಿ. ಉಳಿದದ್ದನ್ನು ಟೆಸ್ಟರಿಗೆ ಹಾಕಿಸಿದ ಮೇಲೆ ಬೆಲೆ ಮಾತಾಡಿ.