ದಿನಕ್ಕೆ ಹತ್ತರಂತೆ ‘ರನ್’ನ 645 ಅರ್ಥ ಬಾಯಿಪಾಠ ಮಾಡಿದರೆ ಇಂಗ್ಲಿಷ್ ಬರುತ್ತದಾ?

ಬರುವುದಿಲ್ಲ ಮಾರಾಯ್ರೆ. ಕನ್ನಡ ಮೀಡಿಯಂ, ಕೆಲಸಕ್ಕೆ ಸೇರಿ ಎರಡು ತಿಂಗಳು, ಇಂಗ್ಲಿಷಲ್ಲಿ ಮೇಲ್ ಬಂದರೆ ಎದೆ ಡವಡವ ಅಂತ ಪತ್ರದಲ್ಲಿ ಬರೆದಿದ್ದೀರಲ್ಲ, ಒಂದು ಕಾಲದಲ್ಲಿ ನಾನೂ ಹಾಗೇ ಇದ್ದೆ. ನಾನಿದ್ದದ್ದು ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ, ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸುವ ಕೆಲಸ.

ಅಲ್ಲಿ ದಿನವಿಡೀ ‘ರನ್’ ಅನ್ನುವುದೇ ಮಾತು, ಅಂದರೆ ಮಿಷನ್ನಿನಲ್ಲಿ ಅಚ್ಚು ಹೊಡೆಯುವುದು. ಎಷ್ಟು ರನ್? ಸಾವಿರ. ರನ್ನಿಗೆ ಕೊಟ್ಟಾಯ್ತಾ? ಆಯ್ತು. ಆ ಶಬ್ದ ನನಗೆ ಚೆನ್ನಾಗಿ ಗೊತ್ತಿತ್ತು. ಎಡವಟ್ಟಾದದ್ದೇ ಅದರಿಂದ.

ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ. ಪ್ರೂಫ್, ಅಂದರೆ ಅಚ್ಚಿಗೆ ಮೊದಲು ತಪ್ಪು ತಿದ್ದುವ ಪ್ರತಿ, ನೋಡಿದವರು ಕದ್ರಿಯ ಒಬ್ಬ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಎರಡನೇ ಪ್ರೂಫಿನಲ್ಲಿ ದಾನಿಗಳ ಪುಟದ ಅಂಚಿಗೆ ಹಸಿರು ಶಾಯಿಯಲ್ಲಿ ‘ರನ್ ಆನ್’ ಅಂತ ಬರೆದು, ಒಂದು ಪ್ಯಾರಾದ ಬಾಲದಿಂದ ಮುಂದಿನದರ ತಲೆಗೆ ಪಡುವಲಕಾಯಿಯ ಹಾಗೆ ಸೊಟ್ಟ ಗೆರೆ ಎಳೆದಿದ್ದರು. ಬೇರೆಲ್ಲೂ ಒಂದು ಚುಕ್ಕೆ ಇಲ್ಲ. ಮಿಷನ್ ಓಡಲಿ ಅಂತ ಒಪ್ಪಿಗೆ ಕೊಟ್ಟಿದ್ದಾರೆ, ಗೆರೆ ಅವರ ರುಜು ಅಂದುಕೊಂಡೆ. ಅಚ್ಚಿಗೆ ಕಳಿಸಿಬಿಟ್ಟೆ.

ಪ್ರೂಫಿನ ಭಾಷೆಯಲ್ಲಿ ಅದರರ್ಥ, ಹೊಸ ಪ್ಯಾರಾ ಬೇಡ, ಮೇಲಿನದಕ್ಕೇ ಸೇರಿಸು. ಟೈಪ್ ಮಾಡುವಾಗ ನಾನು ಕೈತಪ್ಪಿ ಎಂಟರ್ ಒತ್ತಿದ್ದೆ. ‘ಸ್ವರ್ಗಸ್ಥರಾದ ಹಿರಿಯರ ನೆನಪಿಗೆ’ ಅನ್ನುವಷ್ಟು ಮೇಲೆ ತಲೆಬರಹದ ಹಾಗೆ ನಿಂತಿತ್ತು. ‘ಬಾವಿಕಟ್ಟೆ ಮಾಡಿಸಿಕೊಟ್ಟವರು’ ಅಂತ ಹನ್ನೊಂದು ಹೆಸರು ಅದರ ಕೆಳಗೆ. ಹನ್ನೊಂದೂ ಜನ ಗಟ್ಟಿಮುಟ್ಟಾಗಿದ್ದರು, ಒಬ್ಬರದ್ದಂತೂ ಮುಂಬಯಿಯಲ್ಲಿ ಎರಡು ಹೋಟೆಲ್! ಪುಣ್ಯಕ್ಕೆ ಬೈಂಡಿಂಗ್ ಆಗಿರಲಿಲ್ಲ. ಆ ಹದಿನಾರು ಪುಟದ ಫಾರಂ ಒಂದನ್ನೇ ಸಾವಿರ ಪ್ರತಿ ಮತ್ತೆ ಹೊಡೆದರು. ಕಾಗದ, ಪ್ಲೇಟಿನ ದುಡ್ಡು ನನ್ನ ಸಂಬಳದಲ್ಲಿ ಮೂರು ಕಂತಾಗಿ ಹೋಯಿತು.

ಅರ್ಥ ಗೊತ್ತೇ ಇಲ್ಲದಿದ್ದರೆ ಯಾರನ್ನಾದರೂ ಕೇಳುತ್ತಿದ್ದೆ. ಗೊತ್ತುಂಟು ಅನ್ನಿಸಿದ್ದಕ್ಕೆ ಕೇಳಲಿಲ್ಲ. ಇಡೀ ಪುಸ್ತಕಕ್ಕೆ ಒಪ್ಪಿಗೆ ಕೊಡುವವರು ಮೊದಲ ಪುಟ ಬಿಟ್ಟು ದಾನಿಗಳ ಪುಟದಲ್ಲಿ ಯಾಕೆ ಬರೆಯುತ್ತಾರೆ? ಎರಡು ಪ್ಯಾರಾಗಳ ನಡುವೆ ಯಾರಾದರೂ ರುಜು ಹಾಕುತ್ತಾರಾ? ಶಬ್ದ ನೋಡಿದೆ, ಅದು ಕೂತಿದ್ದ ಜಾಗ ನೋಡಲಿಲ್ಲ. ಫೋನ್ ಮೇಜಿನ ಮೇಲೇ ಇತ್ತು. ಮೇಷ್ಟ್ರಲ್ಲಿ ಕೇಳಲು ನಾಚಿಕೆ.

ನಿಮ್ಮ 645 ಆಕ್ಸ್‌ಫರ್ಡ್ ನಿಘಂಟಿನವರ ಲೆಕ್ಕ, ಅದೂ ಕ್ರಿಯಾಪದದ್ದು ಮಾತ್ರ. 1989ರ ಆವೃತ್ತಿಯಲ್ಲಿ ‘ಸೆಟ್’ 430 ಅರ್ಥಗಳೊಂದಿಗೆ ಮುಂದಿತ್ತು. ‘ರನ್’ ಒಂದನ್ನು ಪರಿಷ್ಕರಿಸಲು ಅಲ್ಲಿನ ಸಂಪಾದಕ ಪೀಟರ್ ಗಿಲಿವರ್ ಅವರಿಗೇ ಒಂಬತ್ತು ತಿಂಗಳು ಹಿಡಿಯಿತು. ಹಿಡಿಯಿತು! ಮಳೆ ಹಿಡಿಯಿತು, ಬಸ್ ಹಿಡಿದೆ, ಬಂಗುಡೆ ಹಿಡಿದರು, ಕತ್ತಿಗೆ ತುಕ್ಕು ಹಿಡಿಯಿತು, ಮಗು ಹಠ ಹಿಡಿಯಿತು. ಇದನ್ನೆಲ್ಲ ನಿಮಗೆ ಯಾರು ಪಟ್ಟಿ ಮಾಡಿ ಕಲಿಸಿದರು? 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲೂ ಬರೀ ಅರ್ಥ ಇಲ್ಲ, ಪಕ್ಕದಲ್ಲಿ ಗಾದೆ, ಕಾವ್ಯದ ಸಾಲು ಉಂಟು.

ಪಟ್ಟಿ ಹರಿದುಹಾಕಿ. ಮೇಲ್‌ನಲ್ಲಿ ‘ರನ್’ ಕಂಡರೆ ಆ ಇಡೀ ಸಾಲನ್ನೇ ಒಂದು ಪುಸ್ತಕದಲ್ಲಿ ಬರೆದಿಡಿ, ಕಳಿಸಿದವರು ಯಾರು ಅಂತಲೂ. ಅನುಮಾನ ಬಂದರೆ ಎದ್ದುಹೋಗಿ ಕೇಳಿ, ನಗುವವರು ನಗಲಿ. ನಿಮ್ಮ ಪತ್ರದಲ್ಲಿದ್ದ, ಮ್ಯಾನೇಜರ್ ಬರೆದ ‘ರನ್ ಇಟ್ ಬೈ ಮಿ’ ಅಂದರೆ ಬೇಗ ಮುಗಿಸು ಅಂತ ಅಲ್ಲ. ಕಳಿಸುವ ಮೊದಲು ನನಗೊಮ್ಮೆ ತೋರಿಸು ಅಂತ. ಇನ್ನೂ ಕಳಿಸಿಲ್ಲ ತಾನೇ?