ಅಪ್‌ಡೇಟ್ ಆದಮೇಲೆ ಪುಟವೆಲ್ಲ ಕಪ್ಪು

ಪ್ರಶ್ನೆ: ಬ್ರೌಸರ್ ಅಪ್‌ಡೇಟ್ ಆದಾಗಿನಿಂದ ಪುಟಗಳು ಕಪ್ಪಾಗುತ್ತಿವೆ, ಪಹಣಿ ಪ್ರಿಂಟ್ ತೆಗೆಯಲೂ ಆಗುತ್ತಿಲ್ಲ. ಬೇರೆ ಬ್ರೌಸರ್ ಹಾಕಿಕೊಳ್ಳಲೇ?
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಅವಸರ ಬೇಡ. ಕ್ರೋಮ್ ಆಗಿದ್ದರೆ ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿ ಇನ್‌ಕಾಗ್ನಿಟೊ (ಖಾಸಗಿ ಕಿಟಕಿ) ತೆರೆಯಿರಿ. ಅಲ್ಲಿ ಸರಿ ಬಂದರೆ ತಪ್ಪು ಎಕ್ಸ್‌ಟೆನ್ಶನ್‌ನದೋ (ಬ್ರೌಸರ್‌ಗೆ ಸೇರಿಸಿಕೊಂಡ ಪುಟ್ಟ ತಂತ್ರಾಂಶ) ಹಳೆಯ ಕ್ಯಾಶೆಯದೋ (ಬ್ರೌಸರ್ ಉಳಿಸಿಟ್ಟುಕೊಂಡ ಪುಟಗಳ ಪ್ರತಿ) ಇರಬೇಕು. ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ. ಕ್ಯಾಶೆ ಅಳಿಸುವಾಗ ಪಾಸ್‌ವರ್ಡ್ ಮುಂದಿನ ಟಿಕ್ ತೆಗೆಯಿರಿ, ಇಲ್ಲವಾದರೆ ಅವೂ ಹೋದಾವು! ಇನ್‌ಕಾಗ್ನಿಟೊದಲ್ಲೂ ಕಪ್ಪೇ ಇದ್ದರೆ ಹೊಸ ಆವೃತ್ತಿಗೂ ಹಳೆಯ ಗ್ರಾಫಿಕ್ಸ್ ಡ್ರೈವರ್‌ಗೂ (ಪರದೆಯ ಮೇಲೆ ಚಿತ್ರ ಮೂಡಿಸಲು ನೆರವಾಗುವ ತಂತ್ರಾಂಶ) ಹೊಂದುತ್ತಿಲ್ಲ ಎನ್ನುವ ಸಾಧ್ಯತೆಯೇ ಹೆಚ್ಚು. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಗ್ರಾಫಿಕ್ಸ್ ಆಕ್ಸಿಲರೇಶನ್ ಆಫ್ ಮಾಡಿ, ರೀಲಾಂಚ್ ಒತ್ತಿ.

ಬದಲಿಸಲೇಬೇಕೆಂದರೆ ಫೈರ್‌ಫಾಕ್ಸ್ ಹಾಕಿ. ಎಡ್ಜ್, ಬ್ರೇವ್, ಒಪೆರಾ ಮೂರೂ ಕ್ರೋಮ್‌ಗೂ ಬುನಾದಿಯಾದ ಕ್ರೋಮಿಯಂ ಮೇಲೆಯೇ ನಿಂತವು, ಅದೇ ತೊಂದರೆ ಅಲ್ಲೂ ಬರಬಹುದು. ವಿಂಡೋಸ್ 7 ಆದರೆ ಕ್ರೋಮ್ 109ಕ್ಕೇ ನಿಂತಿದೆ, 2023ರಿಂದ ಮುಂದಿನ ಆವೃತ್ತಿ ಅದಕ್ಕೆ ಬಂದಿಲ್ಲ.