ಟಬ್ಬಿನ ನೀರು ಕಂದಾಗಿದ್ದು ಯಾಕೆ?

ನಮಸ್ಕಾರ ಮೇಡಂ,

ನಿಮ್ಮ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು. ಸಿಟ್ಟು ನಿಮ್ಮ ಮೇಲಲ್ಲ ಬಿಡಿ. ಸ್ಪಾದಲ್ಲಿ ಉಪ್ಪುನೀರಿನ ಟಬ್ಬಿಗೆ ಕಾಲಿಳಿಸಿ ಅರ್ಧ ಗಂಟೆ ಕೂತಿದ್ದೀರಿ. ನೀರು ತುಕ್ಕಿನ ಬಣ್ಣಕ್ಕೆ ತಿರುಗಿದೆ. ‘ಮೈಯಲ್ಲಿದ್ದ ವಿಷವೆಲ್ಲ ಇಳಿಯಿತು ನೋಡಿ’ ಅಂದಿದ್ದಾರೆ. ನೀವು ಗಾಬರಿಯಾಗಿ ಹತ್ತು ಸಲದ ಪ್ಯಾಕೇಜಿಗೆ ದುಡ್ಡು ಕಟ್ಟಿ ಬಂದಿದ್ದೀರಿ. ಈಗ ‘ಅದು ನಿಜವಾ?’ ಎಂದು ನನ್ನನ್ನು ಕೇಳುತ್ತಿದ್ದೀರಿ.

ತುಕ್ಕಿನ ಬಣ್ಣ ಅಂತ ನೀವೇ ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ. ಅದು ತುಕ್ಕೇ. ಆ ಟಬ್ಬಿನೊಳಗೆ ಲೋಹದ ತುಂಡುಗಳಿರುತ್ತವೆ. ಉಪ್ಪುನೀರಿನಲ್ಲಿ ಕರೆಂಟ್ ಹರಿದಾಗ ಅವು ಸವೆದು, ಕಬ್ಬಿಣದ ಅಂಶ ನೀರಿಗೆ ಸೇರುತ್ತದೆ. ಮುಂದಿನ ಸಲ ಹೋದಾಗ ಕಾಲಿಡಬೇಡಿ, ಸುಮ್ನೆ ಮೆಷಿನ್ ಹಾಕಿಸಿ ನೋಡಿ. ಯಾರೂ ಕಾಲಿಡದ ಟಬ್ಬಿನ ನೀರೂ ಕಂದಾಗುತ್ತದೆ. ಅದು ಯಾರ ಮೈಯ ವಿಷ ಎಂದು ಕೇಳಿ! ರಾತ್ರಿ ಅಂಗಾಲಿಗೆ ಅಂಟಿಸಿಕೊಳ್ಳುವ ಪಟ್ಟಿ ಬೆಳಗಾಗುವಷ್ಟರಲ್ಲಿ ಕಪ್ಪಾಗುವುದೂ ಇಂಥದ್ದೇ ಆಟ. ಬೆವರಿನ ಒದ್ದೆ ತಾಗಿದರೆ ಸಾಕು.

ಮೈಯ ಕಸ ತೆಗೆಯುವ ಕೆಲಸಕ್ಕೆ ಲಿವರ್, ಕಿಡ್ನಿ ಇವೆ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ, ಅದೂ ಪ್ಯಾಕೇಜ್ ಇಲ್ಲದೆ. ಬೆವರಿನಲ್ಲಿ ನೂರಕ್ಕೆ 99 ಪಾಲು ಬರೀ ನೀರು. ಸೌನಾದಿಂದ, ಅಂದರೆ ಬೆವರಿಳಿಸುವ ಬಿಸಿ ಕೋಣೆಯಿಂದ, ಹೊರಬಂದಾಗ ಅರ್ಧ ಕಿಲೋ ಇಳಿದಿತ್ತು ಅಂದಿರಿ. ಎರಡು ಲೋಟ ನೀರು ಕುಡಿದು ಮತ್ತೆ ತೂಕ ನೋಡಿ, ಅದು ವಾಪಸ್ ಬಂದಿರುತ್ತದೆ.

ಇನ್ನು ಮಸಾಜ್. ಬೆನ್ನು ನೀಲಿಗಟ್ಟಿದ್ದಕ್ಕೆ ‘ನೋವಾದರೇನೇ ಗುಣ’ ಅಂದರಂತೆ. ನೀಲಿಗಟ್ಟಿದೆ ಅಂದರೆ ಚರ್ಮದ ಕೆಳಗೆ ಸಣ್ಣ ರಕ್ತನಾಳಗಳು ಒಡೆದಿವೆ ಅಂತ, ಅಷ್ಟೇ. ಅದರಲ್ಲಿ ಗುಣ ಏನು ಬಂತು? ಹಲ್ಲು ಕಚ್ಚಿಕೊಂಡು ಮಲಗಿದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ‘ಸ್ವಲ್ಪ ಹಗುರವಾಗಿ ಒತ್ತಿ’ ಎಂದು ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ. ವ್ಯಾಯಾಮದ ನಂತರ ಸ್ನಾಯುವಿನಲ್ಲಿ ಉಳಿದ ಲ್ಯಾಕ್ಟಿಕ್ ಆಮ್ಲವನ್ನು ಮಸಾಜ್ ಹಿಂಡಿ ತೆಗೆಯುತ್ತದೆ ಅನ್ನುವುದೂ ಸುಳ್ಳು. ಅದು ಒಂದು ಗಂಟೆಯೊಳಗೆ ಹೆಚ್ಚುಕಡಿಮೆ ತಾನಾಗೇ ಇಳಿದಿರುತ್ತದೆ.

‘ಹಾಗಾದರೆ ಸ್ಪಾಗೆ ಹೋಗುವುದೇ ದಂಡವಾ?’ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಒಂದು ಗಂಟೆ ಫೋನಿಲ್ಲ, ಯಾರೂ ಕರೆಯುವುದಿಲ್ಲ, ಬೆಚ್ಚಗಿನ ಎಣ್ಣೆ, ಬಿಗಿದ ಹೆಗಲು ಸಡಿಲವಾಗುತ್ತದೆ. ನಾನೇ ಆ ಮಂಚದ ಮೇಲೆ ಗೊರಕೆ ಹೊಡೆದು ಮಾನ ಕಳೆದುಕೊಂಡವನು. ಹಾಯೆನಿಸಿತು ಅನ್ನುವುದಕ್ಕೇ ದುಡ್ಡು ಕೊಡಬಹುದಲ್ವಾ? ಅದಕ್ಕೆ ವಿಷದ ಕಥೆ ಯಾಕೆ ಬೇಕು?

ಕೊನೆಯ ಸಾಲಿನಲ್ಲಿ ಸುಮ್ನೆ ಬರೆದ ಹಾಗೆ ಒಂದು ಮಾತು ಬರೆದಿದ್ದಿರಿ. ದೂರದ ಪ್ರಯಾಣ ಮುಗಿಸಿ ಬಂದ ನಿಮ್ಮ ಯಜಮಾನರ ಒಂದು ಮೀನಖಂಡ ಮಾತ್ರ ಊದಿ ಬಿಸಿಯಾಗಿದೆ, ಮಸಾಜ್ ಮಾಡಿಸಲೇ ಅಂತ. ಅದಕ್ಕೇ ಪತ್ರಿಕೆ ಅಚ್ಚಾಗುವವರೆಗೆ ಕಾಯದೆ ಫೋನ್ ಮಾಡಿದ್ದು. ಬೇರೆ ಓದುಗರಿಗೂ ಗೊತ್ತಿರಲಿ: ಹೀಗೆ ಒಂದೇ ಕಾಲು ಊದಿದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು, ಜೀವಕ್ಕೇ ಅಪಾಯ. ಎಣ್ಣೆ ಮುಟ್ಟದೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು.

ಅವರು ಈಗ ಹೇಗಿದ್ದಾರೆ? ಒಂದು ಸಾಲು ಬರೆದು ಹಾಕಿ.

— ಸಂಪಾದಕ